ಗೊನೆಯೊಳಗಿನ ಜೇಡ

ಕಲಬುರಗಿಯ ಅಕ್ಕನ ಮನೆಗೆ ಹೋಗುವಾಗಲೆಲ್ಲ ಕಮಲಾಪುರದ ನಮ್ಮ ತೋಟದ ಕೆಂಪು ಬಾಳೆಗೊನೆ ಒಯ್ಯುತ್ತೇನೆ. ಕಳೆದ ವರ್ಷ ಆ ಗೊನೆಯಿಂದ ಒಂದು ಜೇಡ ಹೊರಬಂದು ಗೋಡೆ ಹತ್ತಿತು. ವಾರದೊಳಗೆ ಅಕ್ಕನ ಗಂಡನ ಸೊಂಟದ ಒಂದು ಬದಿಗೆ ಉರಿಯುವ ಗುಳ್ಳೆಗಳೆದ್ದವು.

"ನಿಮ್ಮೂರ ಜ್ಯಾಡ ಮೈಮ್ಯಾಲ ಉಚ್ಚಿ ಹೊಯ್ದದ. ಎಂಥಾ ವಿಷ ತಂದಿ ನೋಡು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ.

ಮನೆಯ ಜೇಡದ ವಿಷ ನೊಣಕ್ಕಷ್ಟೇ ಸಾಕು, ಅದರ ಹಲ್ಲು ನಮ್ಮ ಚರ್ಮಕ್ಕೆ ನಾಟುವುದೇ ಅಪರೂಪ ಎಂದರೆ ನನಗೇ ಬೈಗುಳ. ಗುಳ್ಳೆಗೆ ಸುಣ್ಣ ಬಳಿದುಕೊಂಡು ಉರಿ ಹೆಚ್ಚಿಸಿಕೊಂಡ. ಆ ಉರಿಯೂ ಜೇಡದ ತಲೆಗೇ ಬಂತು.

ಕೊನೆಗೆ ದವಾಖಾನೆಗೆ ಎಳೆದೊಯ್ದೆ. ಡಾಕ್ಟರಮ್ಮ ನೋಡಿದೊಡನೆ, "ಇದು ಸರ್ಪಸುತ್ತುರೀ. ಸಣ್ಣವರಿದ್ದಾಗ ಬಂದಿದ್ದ ಚಿಕನ್‌ಪಾಕ್ಸಿನ ವೈರಸ್ ಇಷ್ಟು ವರ್ಷ ನಿಮ್ಮ ಮೈಯಾಗೇ ಕುಂತಿತ್ತು. ಜ್ಯಾಡಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದರು.

ಆಸಾಮಿ ತಲೆಯಾಡಿಸಿದ. ಮನೆಗೆ ಮರಳುವಾಗ ಸ್ಟೇಶನ್ ಬಜಾರದಲ್ಲಿ ಆಟೊ ನಿಲ್ಲಿಸಿ, ಹುಳ ಸಾಯಿಸುವ ಸ್ಪ್ರೇ ಕೊಂಡ. "ಮುಂದಿನ ಸಲ ಗೊನಿ ಝಾಡಿಸಿ ತಗೊಂಡು ಬಾ," ಎಂದು ಹುಕುಂ ಬೇರೆ. ಹಣ್ಣು ಬೇಡವೆನ್ನಲಿಲ್ಲ.

ಈಗಲೂ ಗೊನೆ ಒಯ್ಯುತ್ತೇನೆ. ಝಾಡಿಸುವುದಿಲ್ಲ.