ಚಪ್ಪಲಿ ಕಾಯುವ ಸರದಿ

ತುರಿಕೆ ಶುರುವಾದದ್ದು ಎಡಗಾಲಿನ ಕಿರುಬೆರಳಿನ ಸಂದಿಯಲ್ಲಿ. ಚರ್ಮ ಬೆಳ್ಳಗೆ ನೆನೆದು, ಒದ್ದೆ ಕಾಗದದಂತೆ ಸುಲಿದು ಬರುತ್ತಿತ್ತು. ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಸೇಫ್ಟಿ ಶೂ ಹಾಕಿದ ಕಾಲು. ಬೆವರಿನದಿರಬೇಕು ಎಂದುಕೊಂಡೆ. ಮೆಡಿಕಲ್ ಅಂಗಡಿಯವನು ಕೊಟ್ಟ ಟ್ಯೂಬ್ ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ನಿಂತಿತು. ಹಚ್ಚುವುದನ್ನು ನಿಲ್ಲಿಸಿದೆ. ಹದಿನೈದು ದಿನಗಳಲ್ಲಿ ಅಂಗಾಲಿಗೆಲ್ಲ ಹಬ್ಬಿತು.

ಜೊತೆಗೆ ವಾಸನೆ.

ಆಗಲೇ ನಾಸಿಕದ ನಮ್ಮ ಮನೆಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರನ್ನು ಕರೆತಂದವನು ಶಂಕ್ರಪ್ಪ. ಕಾರ್ಖಾನೆಯಲ್ಲಿ ನನ್ನ ವಿಭಾಗದವನೇ, ನಮ್ಮ ಬಾಗಲಕೋಟೆ ಕಡೆಯವನೇ. ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತ.

“ಮಲ್ಲಪ್ಪನವರ, ನಿಮ್ಮ ಬೂಟಿನ್ಯಾಗ ಹೆಗ್ಗಣ ಸತ್ತೈತೇನ್ರಿ? ಬೀಗರು ಚಾ ಹೆಂಗ ಕುಡಿಬೇಕು?”

ಎಲ್ಲರೂ ನಕ್ಕರು. ಹುಡುಗನ ತಾಯಿ ಸೆರಗನ್ನು ಮೂಗಿಗೆ ಹಿಡಿದರು. ಆ ಸಂಬಂಧ ಕೂಡಿ ಬರಲಿಲ್ಲ. ಮಗಳು ಮುಂದೆ ಒಳ್ಳೆಯ ಮನೆಯನ್ನೇ ಸೇರಿದಳು. ಆದರೆ ಆ ನಗು ನನ್ನೊಳಗೆ ಕೀವಾಗಿ ನಿಂತಿತು.

ಸೇಡಿಗೆ ದಾರಿ ದೇವರ ಬಾಗಿಲಲ್ಲೇ ಸಿಕ್ಕಿತು. ನಮ್ಮ ಕನ್ನಡದವರ ಭಜನೆ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ. ಹೊರಗಿಟ್ಟ ಚಪ್ಪಲಿ ಕಳುವಾಗುತ್ತಿದ್ದುದರಿಂದ ಸರದಿಯ ಮೇಲೆ ಒಬ್ಬರು ಮೆಟ್ಟಿಲ ಮೇಲೆ ಕಾವಲು ಕೂರಬೇಕಿತ್ತು. ಯಾರಿಗೂ ಬೇಡವಾದ ಆ ಸರದಿಯನ್ನು ನಾನೇ ಎಲ್ಲ ವಾರಕ್ಕೂ ವಹಿಸಿಕೊಂಡೆ.

“ನಿಮ್ಮಂಥಾ ಸೇವಾ ಯಾರಿಂದ ಆಗ್ತದ್ರಿ!” ಎಂದು ಹೊಗಳಿದರು.

ಒಳಗೆ ತಾಳ ಏರಿದ ಮೇಲೆ ನಾನು ನಳದಲ್ಲಿ ಕಾಲು ತೊಳೆದು, ಒರೆಸದೆ, ಶಂಕ್ರಪ್ಪನ ಕ್ಯಾನ್ವಾಸ್ ಶೂಗಳಿಗೆ ತೂರಿಸುತ್ತಿದ್ದೆ. ಬೆರಳುಗಳನ್ನು ಚೆನ್ನಾಗಿ ಉಜ್ಜುತ್ತಿದ್ದೆ. ನಾಲ್ಕು ಭಜನೆ ಮುಗಿಯುವ ತನಕ ಹಾಗೇ ಕೂರುತ್ತಿದ್ದೆ. ಒಳಗೆ ಅವನ ದನಿಯೇ ಎಲ್ಲರಿಗಿಂತ ಮೇಲೆ. ಹಾಡು ಮಗನೆ, ಹಾಡು ಎನ್ನುತ್ತಿದ್ದೆ. ಅವನಿಗೆ ಶುಗರ್ ಇತ್ತು. ಕಾಲಿಗೆ ಗಾಯವಾಗದಿರಲೆಂದೇ ಡಾಕ್ಟರು ಮುಚ್ಚಿದ ಶೂ ಹಾಕಲು ಹೇಳಿದ್ದರು.

ಅದು ನನಗೆ ಗೊತ್ತಿತ್ತು.

ಕೆಲವು ತಿಂಗಳ ನಂತರ ಅವನು ಭಜನೆ ಮುಗಿಸಿ ಬಂದವನು ಮೆಟ್ಟಿಲ ಮೇಲೆ ಕೂತು ಬೆರಳ ಸಂದಿ ಕೆರೆದುಕೊಂಡ. ಆ ದಿನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ.

ನನ್ನ ಕಾಲಿನ ಕಾಟ ತಡೆಯಲಾರದೆ ಹೆಂಡತಿ ಸುಶೀಲಾ ನನ್ನನ್ನು ಸ್ಕಿನ್ ಡಾಕ್ಟರ್ ಬಳಿ ಎಳೆದೊಯ್ದಳು. ಟ್ಯೂಬ್ ನೋಡಿ ಆ ಲೇಡಿ ಡಾಕ್ಟರ್ ಮರಾಠಿಯಲ್ಲಿ ಬೈದರು. “ಕಾಕಾ, ಇದರಲ್ಲಿ ಸ್ಟೆರಾಯ್ಡ್ ಇದೆ. ತುರಿಕೆ ಮಲಗುತ್ತದೆ, ಫಂಗಸ್ ಬೆಳೆಯುತ್ತದೆ.” ಬೇರೆ ಕ್ರೀಮ್ ಬರೆದರು. ವಾಸಿಯಾದಂತೆ ಕಂಡರೂ ತಾವು ಹೇಳುವ ತನಕ ಬಿಡಬಾರದು ಎಂದರು. ಸ್ನಾನವಾದ ಮೇಲೆ ಬೆರಳ ಸಂದಿಗಳನ್ನು ಒಣಗಿಸಬೇಕು. ಹತ್ತಿಯ ಸಾಕ್ಸ್ ದಿನಾ ಬದಲಿಸಬೇಕು. ಒಂದೇ ಶೂ ಎರಡು ದಿನ ಸತತ ಹಾಕಬಾರದು, ಗಾಳಿಗೆ ಇಡಬೇಕು.

“ಟವೆಲ್, ಚಪ್ಪಲಿ, ಶೂ ಯಾರ ಜೊತೆಗೂ ಹಂಚಿಕೊಳ್ಳಬೇಡಿ.”

ನಾನು ಔಷಧಿ ಚೀಟಿ ಮಡಚಿ ಜೇಬಿಗಿಟ್ಟೆ.

“ಇವರು ತಮ್ಮ ಬೂಟು ಯಾರಿಗೂ ಮುಟ್ಟಗೊಡಂಗಿಲ್ಲ ಬಿಡ್ರಿ” ಎಂದಳು ಸುಶೀಲಾ.

ತಿಂಗಳೊಪ್ಪತ್ತಿನಲ್ಲಿ ನನ್ನ ಕಾಲು ವಾಸಿಯಾಯಿತು. ಅಷ್ಟರಲ್ಲಿ ಶಂಕ್ರಪ್ಪ ಔರಂಗಾಬಾದಿನ ಮಗನ ಮನೆಗೆ ಹೋಗಿದ್ದ. ಅವನ ಬೆರಳ ಸಂದಿ ಬಿರಿದಿತ್ತು, ಅದರೊಳಗೆ ಇನ್ಫೆಕ್ಷನ್ ಇಳಿಯಿತು. ಶುಗರಿನಿಂದ ಕಾಲಿಗೆ ನೋವೇ ತಿಳಿದಿರಲಿಲ್ಲ. ಜ್ವರ ಬಂದು ಅಡ್ಮಿಟ್ ಮಾಡಿದರು.

ಎಡಗಾಲಿನ ಕಿರುಬೆರಳು ತೆಗೆದರು.

ಸುದ್ದಿ ಕೇಳಿ ಔರಂಗಾಬಾದಿನ ಬಸ್ಸು ಹತ್ತಿದೆ. ವಾರ್ಡಿನ ಹೊರಗೆ ಡಾಕ್ಟರನ್ನು ಕೇಳಿದೆ, ಇದು ಇನ್ನೊಬ್ಬರ ಕಾಲಿನಿಂದ ಬಂದಿರಬಹುದೇ ಎಂದು. “ಫಂಗಸ್ ಬರಬಹುದು. ಒದ್ದೆ ಬಾತ್‌ರೂಮಿನಿಂದಲೂ ಬರಬಹುದು. ಖಚಿತವಾಗಿ ಹೇಳಲಾಗದು” ಎಂದರು. ತಪ್ಪಿಸಿಕೊಳ್ಳಲು ಅಷ್ಟು ಸಾಕಿತ್ತು. ಆದರೆ ಬ್ಯಾಂಡೇಜು ಸುತ್ತಿದ ಆ ಪಾದ ನೋಡಿದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ. ಹೆಗ್ಗಣದ ಮಾತಿನಿಂದ ಹಿಡಿದು ಕ್ಯಾನ್ವಾಸ್ ಶೂ ತನಕ ಎಲ್ಲ ಹೇಳಿ, ಅವನ ಕಾಲಿಗೆ ಬೀಳಲು ಬಾಗಿದೆ.

ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ ಶಂಕ್ರಪ್ಪ ಅಂದು ಏಕವಚನಕ್ಕೆ ಇಳಿದ.

“ಕಾಲಿಗೆ ಬೀಳಬ್ಯಾಡ. ಬಿದ್ದು ಎದ್ದು ಹೋಗೂದು ಸಸಾರ. ಉಳದ ಬೆರಳು ಒಣಾ ಇಡಬೇಕು ಅಂದಾರ ಡಾಕ್ಟರು. ನನಗ ಬಗ್ಗಾಕ ಆಗೂದಿಲ್ಲ. ನಾಸಿಕಕ್ಕ ಬಂದ ಮ್ಯಾಲೆ ದಿನಾ ಮುಂಜಾನೆ ಬಂದು ನೀನ ಒರಸು.”

ಗಾಯ ಮಾಯ್ದು ಈಗ ಆರು ತಿಂಗಳು. ದಿನಾ ಹೋಗುತ್ತೇನೆ. ಕೈಗೆ ಸಾಬೂನು ಹಚ್ಚಿ ತೊಳೆದುಕೊಂಡು, ಅವನದೇ ಟವೆಲಿನಿಂದ ಒಂದೊಂದೇ ಸಂದಿ ಒತ್ತಿ ಒರೆಸುತ್ತೇನೆ. ಬಲಗಾಲಿನಲ್ಲಿ ನಾಲ್ಕು. ಎಡಗಾಲಿನಲ್ಲಿ ಮೂರು. ಬಿರುಕು, ಕೆಂಪು ಇದೆಯೇ ಎಂದು ಬೆಳಕಿಗೆ ತಿರುಗಿಸಿ ನೋಡುತ್ತೇನೆ. ಇಲ್ಲದ ದಿನ ದೇವರಿಗೆ ಕೈ ಮುಗಿಯುತ್ತೇನೆ, ನನಗಾಗಿ ಅಲ್ಲ.

ನಾನು ಹೊಸ್ತಿಲು ದಾಟುತ್ತಲೇ ಅವನು ಹೆಂಡತಿಗೆ ಕೂಗುತ್ತಾನೆ. “ಏ, ಸತ್ತ ಹೆಗ್ಗಣ ಬಂತು. ಚಾ ಇಡು.”

ಕ್ಷಮಿಸಿದೆ ಎಂದು ಇವತ್ತಿನ ತನಕ ಅಂದಿಲ್ಲ. ನಾನೂ ಕೇಳಿಲ್ಲ. ಎದ್ದು ಹೊರಡುವಾಗ ಪಾದ ಒಳಗೆಳೆದುಕೊಂಡು ಒಂದೇ ಮಾತು ಹೇಳುತ್ತಾನೆ.

“ನಾಳೆ ಲಗೂನ ಬಾ.”