ನೊಣದ ನರ, ಮನೆತನದ ಮರ್ಯಾದೆ

ನಮ್ಮ ದಾವಣಗೆರೆಯ ಮನೆಯ ಅಡುಗೆಕೋಣೆಯಲ್ಲಿ, ಮಿತ್ರರೇ, ಉಪ್ಪಿನಕಾಯಿ ಜಾಡಿಯ ಪಕ್ಕ ಮೂರು ಗಾಜಿನ ಬಾಟಲಿಗಳಿದ್ದವು. ಒಳಗೆ ರವೆ-ಬೆಲ್ಲದ ಗಂಜಿ, ಬಾಯಿಗೆ ಹತ್ತಿ, ಗಂಜಿಯ ಮೇಲೆ ಎಳ್ಳುಕಾಳಿನಷ್ಟು ಹಣ್ಣಿನ ನೊಣಗಳು. ರಜೆಯಲ್ಲಿ ಕಾಲೇಜಿನ ಪ್ರಯೋಗಾಲಯ ಮುಚ್ಚಿದ್ದರಿಂದ ಮಗಳು ಶೈಲಜಾ ಅವನ್ನು ಮನೆಗೆ ತಂದಿದ್ದಳು. ನೊಣಗಳನ್ನು ಕೂಡಿಹಾಕಿ ಪಾಯಸ ಬಡಿಸುವ ವಿದ್ಯೆಗೂ ಡಾಕ್ಟರೇಟ್ ಕೊಡುತ್ತಾರಂತೆ ಎಂದು ನಾನು ಬಂದವರೆದುರೆಲ್ಲ ನಗುತ್ತಿದ್ದೆ.

ಅವಳು ಬೇಸರಿಸದೆ ವಿವರಿಸುತ್ತಿದ್ದಳು: ನರದ ತುದಿ ಸ್ನಾಯುವನ್ನು ಸೇರುವಲ್ಲಿ ಸಂದೇಶ ದಾಟಿಸುವ, ಮೊಗ್ಗಿನಂಥ ಸಣ್ಣ ಸಂದುಗಳಿರುತ್ತವೆ, ಅವು ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕೆಲವು ವಂಶವಾಹಿಗಳು ಹಿಡಿತದಲ್ಲಿಡುತ್ತವೆ, ಅಂಥದೊಂದು ಕೆಟ್ಟರೆ ಸಂದುಗಳು ಕಂಡಾಪಟ್ಟೆ ಚಿಗುರುತ್ತವೆ, ಆದರೆ ಸಂದೇಶ ಮಾತ್ರ ಸರಿಯಾಗಿ ದಾಟುವುದಿಲ್ಲ. ನಮ್ಮ ನೆಂಟಸ್ತನಗಳನ್ನೇ ವರ್ಣಿಸಿದಂತಿತ್ತು. ಊರೂರಿಗೂ ಬೀಗರು, ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿಯದು.

ಇನ್ನೂ ಒಂದು ನೆಂಟಸ್ತನ ಬೆಳೆಸಲು ಹರಿಹರದ ವರ್ತಕರ ಮನೆಯವರು ಹೆಣ್ಣು ನೋಡಲು ಬಂದರು. ಕೂತವರೇ ನಮ್ಮ ಕುಲದ ಬೆಡಗು ಯಾವುದೆಂದು ಕೇಳಿದರು, ಮೂರು ತಲೆಮಾರು ಜಾಲಾಡಿದರು. ವಂಶದ ವಿದ್ಯೆಯನ್ನೇ ಓದಿದವಳೊಬ್ಬಳು ಎದುರಿಗೇ ಕೂತಿದ್ದರೂ ಅವಳೊಬ್ಬಳನ್ನು ಬಿಟ್ಟು ಉಳಿದೆಲ್ಲರನ್ನೂ ವಿಚಾರಿಸಿದರು. ಇಂಥ ಜಾಣರನ್ನು ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ.

"ನೊಣ ಸಾಕಾಕೆ ಇಷ್ಟು ಓದಬೇಕೇನವ್ವ? ನಮ್ ಮನ್ಯಾಗೆ ಬಾಳೆಹಣ್ಣು ಇಟ್ರೆ ಸಾಕು, ತಾವೇ ಬರ್ತಾವೆ," ಎಂದರು ಹುಡುಗನ ತಾಯಿ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಆಕೆ ನನ್ನತ್ತ ತಿರುಗಿದರು. "ನಿಮ್ ವಂಶದಾಗೆ ಮೂರ್ಛೆರೋಗ ಗೀಗ ಏನೂ ಇಲ್ಲ ತಾನೇ, ಯಜಮಾನ್ರೇ?"

ನನ್ನ ತಂಗಿ ಗಿರಿಜೆಗೆ ಚಿಕ್ಕಂದಿನಿಂದಲೂ ಮೂರ್ಛೆ ಬರುತ್ತದೆ. ನಮ್ಮೊಡನೆಯೇ ಇರುವ ಅವಳನ್ನು ಅಂದು ಬೆಳಿಗ್ಗೆ ನಾನೇ ಮಾಯಕೊಂಡದ ನೆಂಟರ ಮನೆಗೆಂದು ಬಸ್ಸು ಹತ್ತಿಸಿ ಬಂದಿದ್ದೆ.

"ಛೆ ಛೆ, ಇಲ್ರಿ," ಎಂದೆ.

"ಐತೆ," ಎಂದಳು ಶೈಲಜಾ. "ನಮ್ಮತ್ತೆಗೆ ಐತೆ. ನರ ಹೆಂಗೆ ಕೆಲಸ ಮಾಡ್ತಾವೆ ಅಂತ ತಿಳೀಲಿ ಅಂತ್ಲೇ ನಾನು ನೊಣ ಸಾಕ್ತಿರೋದು."

ಚಹಾ ಆರುವ ಮೊದಲೇ ಹರಿಹರದವರು ಎದ್ದರು. ಇಷ್ಟು ಹೊತ್ತು ಅವರನ್ನು ಹಳಿದೆನಲ್ಲ, ಅದು ಸುಲಭದ ಕೆಲಸ. ಅವರು ಕೇಳಿದರಷ್ಟೇ, ಒಡಹುಟ್ಟಿದವಳನ್ನು ಇಲ್ಲವೆಂದವನು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಜೆ ಶೈಲಜಾ ಮಾಯಕೊಂಡಕ್ಕೆ ಹೋಗಿ ಅತ್ತೆಯನ್ನು ಕರೆತಂದಳು. ಗಿರಿಜೆ ಕೈಚೀಲ ಹಿಡಿದು ಹೊಸ್ತಿಲಾಚೆಯೇ ನಿಂತಳು.

"ಅಣ್ಣಾ, ಬಂದೋರು ಹೋದ್ರಾ? ಇನ್ನ ನಾನು ಒಳಗೆ ಬರಬೌದಾ?"