ಪೊರೆ ಹಸಿಯಿರುವಾಗ ಮಾತಿಲ್ಲ

ಇದನ್ನು ಇನ್ನು ಯಾರು ಸುಡುತ್ತಾರೆ? ಕುಲುಮೆಗೆ ನೈಟ್ರೋಜನ್ ಸಿಲಿಂಡರ್ ಬರುವುದು ನಿಂತಾಗಿದೆ. ಹಾಗಾದರೆ ಈ ಕೊಳವೆಯನ್ನು ಅದ್ದುವುದೇಕೆ? ಮೋಟಾರು ನಿಲ್ಲಿಸಿ ಮನೆಗೆ ಹೋಗಬಾರದೇ? ಹೋದರೆ, ಇಷ್ಟು ಬೇಗ ಯಾಕೆ ಬಂದೆ ಎಂದು ಅಮ್ಮ ಕೇಳುತ್ತಾಳೆ.

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ, ಬೆಳಕು ಸರಿಯಾಗಿ ಮೂಡದ ಹೊತ್ತಿನಲ್ಲಿ ಕಮಲೇಶ್ ಹೀಗೆ ಯೋಚಿಸುತ್ತಿದ್ದಾರೆ. ಇದನ್ನು ಅವರು ಹೇಳಿದ್ದು ಆಮೇಲೆ. ಈಗ ಅವರ ಮುಂದೆ ಪಿಂಗಾಣಿ ಕೊಳವೆಯೊಂದು ಕಂದು ದ್ರಾವಣದಿಂದ ಮೇಲೇಳುತ್ತಿದೆ, ಚಲನೆಯೇ ಕಾಣದಷ್ಟು ನಿಧಾನವಾಗಿ. ಕೊಳವೆಗೆ ಅಂಟಿದ ದ್ರಾವಣದ ಪೊರೆ ಹಸಿಯಿರುವಾಗ ಈ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ. ಬಾಯಿಂದ ಹಾರಿದ ಒಂದು ಹನಿ ಸಾಕು, ಅಲ್ಲೊಂದು ತೂತು.

ಲೇಪಿಸಿದ ಕೊಳವೆಯನ್ನು ಗಾಳಿಯ ಬದಲು ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ ಸುಟ್ಟರೆ ಪೊರೆ ಇದ್ದಿಲಾಗುತ್ತದೆ; ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ತೈಲ ಶುದ್ಧೀಕರಣದಲ್ಲಿ ಉಳಿಯುವ ಅನಿಲದಲ್ಲಿ ಹೈಡ್ರೋಜನ್ ಜತೆ ಮೀಥೇನ್, ಪ್ರೊಪೇನ್‌ನಂಥ ಹೈಡ್ರೋಕಾರ್ಬನ್‌ಗಳು ಬೆರೆತಿರುತ್ತವೆ. ಅದನ್ನು ಒತ್ತಡದಲ್ಲಿ ಕೊಳವೆಗೆ ಬಿಟ್ಟರೆ ಹೈಡ್ರೋಕಾರ್ಬನ್‌ಗಳು ರಂಧ್ರದ ಗೋಡೆಗೆ ಅಂಟಿಕೊಂಡು, ಜಾರುತ್ತ ಹೊರಗೆ ಹೋಗುತ್ತವೆ. ಅವು ರಂಧ್ರ ತುಂಬಿಕೊಂಡಿರುವುದರಿಂದ ದಾರಿ ಸಿಗದೆ, ಬೇಕಾದ ಹೈಡ್ರೋಜನ್ ಒಳಗೇ ಉಳಿಯುತ್ತದೆ.

"ಅಂಟುವವ ಹೋಗ್ತಾನೆ, ಅಂಟದವ ಉಳೀತಾನೆ. ಅಷ್ಟೇ ಉಂಟು ಇದರಲ್ಲಿ," ಎನ್ನುತ್ತಾರೆ ಕಮಲೇಶ್. "ತೂತು ಬಿದ್ರೆ ಎಲ್ಲರೂ ಓಡ್ತಾರೆ."

ಅವರದು ಬೋಳಾರದ ಮೀನುಗಾರರ ಮನೆ. ತಂದೆ ಅಂಗಾರ ದೋಣಿಯಲ್ಲಿದ್ದವರು. ಕಮಲೇಶ್ ಐಟಿಐ ಮುಗಿಸಿ ಬೋಟುಗಳಿಗೆ ಫೈಬರ್ ಲೇಪಿಸುತ್ತಿದ್ದರು. ಆ ಕೈ ನೋಡಿಯೇ ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಕರೆದರು. ದಿನಕ್ಕೆ ಆರು ಕೊಳವೆ, ತೂತಿಲ್ಲದೆ ನಾಲ್ಕು ಉಳಿದರೆ ಒಳ್ಳೆಯ ದಿನ. ಮಳೆಗಾಲದ ತೇವದಲ್ಲಿ ಒಂದೂ ಉಳಿಯದ್ದುಂಟು. ಇಂದಿಗೂ ಮೀನು ಮಾರುವ ತಾಯಿ ಅಕ್ಕು ಮಗನನ್ನು ಗೇಲಿ ಮಾಡುತ್ತಾರೆ: "ನಾನು ಬೊಬ್ಬೆ ಹೊಡೆದು ಸಂಪಾದಿಸುದು, ಇವ ಬಾಯಿ ಮುಚ್ಚಿ."

ಈ ವರ್ಷ ಹಣ ಹಾಕಿದವರು ಕೊನೆಯ ಅವಕಾಶ ಕೊಟ್ಟರು. ಒಂದು ಉದ್ದನೆಯ ಕೊಳವೆ, ಒಂದು ಪರೀಕ್ಷೆ. ಸೋತರೆ ಘಟಕಕ್ಕೆ ಬೀಗ. ಆ ಕೊಳವೆ ದ್ರಾವಣದಿಂದ ಅರ್ಧ ಮೇಲೆದ್ದಿದ್ದಾಗ ಮೇಲ್ವಿಚಾರಕ ಮೆಲ್ವಿನ್ ಬಾಗಿಲು ತೆರೆದರು. ಕಮಲೇಶ್ ಹೊರಗಿಟ್ಟಿದ್ದ ಮೊಬೈಲಿಗೆ ಮಗಳ ಕರೆ ಬಂದಿತ್ತು.

"'ಮೋಕ್ಷಾ ಪಾಸ್ ಮಾರಾಯ, ನರ್ಸಿಂಗಲ್ಲಿ ಫಸ್ಟ್ ಕ್ಲಾಸ್ ಅಂತೆ' ಅಂದುಬಿಟ್ಟೆ," ಎನ್ನುತ್ತಾರೆ ಮೆಲ್ವಿನ್. "ಹೇಳಿದ ಮೇಲೆ ನೆನಪಾದದ್ದು. ಅವ ತುಟಿ ಮೇಲೆ ಬೆರಳಿಟ್ಟ. ನಕ್ಕ ಅಂತ ಕಾಣ್ತದೆ."

ಅಷ್ಟು ಉದ್ದದ ಇನ್ನೊಂದು ಕೊಳವೆ ಇರಲಿಲ್ಲ. ಕಣ್ಣಿಗೇನೂ ಕಾಣಲಿಲ್ಲವೆಂದು ಅದನ್ನೇ ಸುಟ್ಟರು. ಪರೀಕ್ಷೆಯಲ್ಲಿ ಹೈಡ್ರೋಜನ್ ಕೂಡ ಎಲ್ಲದರ ಜತೆ ಹೊರಗೆ ಬಂತು. ತೂತು ನಟ್ಟನಡುವೆ ಇತ್ತು. ಮೆಲ್ವಿನ್ ಮರುವಾರ ಹಣ ಹಾಕಿದವರಿಗೆ ಫೋನ್ ಮಾಡಿ, ತಾನು ಬಾಗಿಲು ತೆರೆದು ಮಾತಾಡಿದ್ದನ್ನೂ ಸೇರಿಸಿ ಎಲ್ಲ ತಿಳಿಸಿದರು. ಮುಚ್ಚುವ ತೀರ್ಮಾನ ಆಗಿಹೋಗಿದೆ ಎಂಬ ಉತ್ತರ ಬಂತು. ಈ ತಿಂಗಳ ಕೊನೆಗೆ ಶೆಡ್ ಖಾಲಿ.

ಈಗ ಕಮಲೇಶ್ ಉಳಿದ ದ್ರಾವಣವನ್ನು ಮುಗಿಸುತ್ತಿದ್ದಾರೆ. ಫೈಬರ್ ಕೆಲಸಕ್ಕೆ ಮರಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ಆ ವಾಸನೆಗೆ ಈಗ ಉಸಿರು ಕಟ್ಟುತ್ತದೆ. ಬೇರೆ ಎಂತ ಬರ್ತದೆ ನನಗೆ? ಈ ಕೊಳವೆಗಳನ್ನು ಯಾರಾದ್ರೂ ಒಮ್ಮೆ ಸುಟ್ಟು ನೋಡಿದ್ರೆ ಆಗ್ತಿತ್ತು."

ಯಾರೂ ಸುಡುವುದಿಲ್ಲ. ಅದು ಅವರಿಗೂ ಗೊತ್ತು.

ಪರೀಕ್ಷೆ ಸೋತ ದಿನ, ತೂತು ಹೇಗೆ ಬಿತ್ತೆಂದು ಪರೀಕ್ಷೆ ನೋಡಲು ಹೊರಗಿನಿಂದ ಬಂದವರು ಎಲ್ಲರೆದುರು ಕೇಳಿದರು. "ಅದ್ದಿದ್ದು ನಾನೇ ಸರ್" ಎಂದರು ಕಮಲೇಶ್. ಮೆಲ್ವಿನ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಬಾಗಿಲು ತೆರೆದವರು ಯಾರೆಂದು ಕಮಲೇಶ್ ಹೇಳಲಿಲ್ಲ.